ಗಣಕದಲ್ಲಿ ಕುಂಚ ಹಿಡಿದ ಅಜ್ಜ

ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಭೂಪಟಗಳನ್ನು ಕಂಡು ನಕ್ಕವರು ನಿಮ್ಮಲ್ಲಿ ಹಲವರಿದ್ದೀರಿ. ಈಗ ಗಣಕದಲ್ಲಿ ಚಿತ್ರ ಬರೆಯುತ್ತಿದ್ದೇನೆಂದರೆ ಇನ್ನಷ್ಟು ನಗುವಿರೇನೋ!

ಈ ವಿದ್ಯೆಗೂ ಒಂದು ಚರಿತ್ರೆಯುಂಟು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. ಬಣ್ಣವಿಲ್ಲದ ಬರಿಯ ಗೆರೆ. 1973ರಲ್ಲಿ ಝೆರಾಕ್ಸ್ ಸಂಶೋಧನಾಲಯದ ರಿಚರ್ಡ್ ಶೂಪ್ 'ಸೂಪರ್‌ಪೇಂಟ್' ರಚಿಸಿ ಬಣ್ಣವನ್ನೂ ತಂದರು. 1985ರಲ್ಲಿ ವಿಂಡೋಸ್‌ನೊಡನೆ ಬಂದ 'ಪೇಂಟ್' ಕ್ರಮೇಣ ಮನೆಮನೆಯನ್ನು ಹೊಕ್ಕಿತು.

ಆದರೆ ನನ್ನ ಮನಸ್ಸನ್ನು ಸೆಳೆದವರು ಹಾಲ್ ಲಾಸ್ಕೊ. 1915ರಲ್ಲಿ ಜನಿಸಿದ ಈ ಅಮೆರಿಕನ್ ಹಿರಿಯರು ಅಕ್ಷರವಿನ್ಯಾಸದ ವೃತ್ತಿಯಿಂದ ನಿವೃತ್ತರಾದವರು. ಮುಪ್ಪಿನಲ್ಲಿ ಕಣ್ಣಿನ ರೋಗದಿಂದ ದೃಷ್ಟಿ ಬಹಳ ಕುಂದಿತು. ಅವರು ಕೈಕಟ್ಟಿ ಕೂರಲಿಲ್ಲ. ಪೇಂಟ್‌ನಲ್ಲಿ ಚಿತ್ರವನ್ನು ಹಿಗ್ಗಿಸಿಕೊಂಡು ಒಂದೊಂದೇ ಚುಕ್ಕಿಗೆ ಬಣ್ಣ ತುಂಬಿದರು, ನಮ್ಮ ಹೆಂಗಸರು ಕಸೂತಿಗೆ ಎಳೆ ಎಣಿಸುವಂತೆ. 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಆ ಕೆಲಸ ನಿಂತಿರಲಿಲ್ಲ.

ನನ್ನ ಬಲಗಣ್ಣಿಗೂ ಪೊರೆ ಬರುತ್ತಿದೆ. ಮೊದಲು ಕೇಳಿದಾಗ ಎದೆಗುಂದಿದ್ದೆ. ಮೊನ್ನೆ ಅವರಂತೆಯೇ ಹಿಗ್ಗಿಸಿಕೊಂಡು ನಮ್ಮೂರ ಕೆರೆಯ ಏರಿಯನ್ನು ಬರೆದೆ. ನೀರಿನ ನೀಲಿ ಹೊಂದಲಿಲ್ಲ. ಅಳಿಸಿದೆ, ಮತ್ತೆ ಬರೆದೆ. ಕಾಗದವೂ ಹಾಳಾಗಲಿಲ್ಲ, ಮನಸ್ಸೂ ಕೆಡಲಿಲ್ಲ. ಮನೆಯಾಕೆ ಊಟಕ್ಕೆ ಮೂರು ಸಲ ಕರೆದಳಂತೆ.