ಕಾರ್ಯದರ್ಶಿಯ ಮಸೂರಗಳು: ಕಿರಿಯ ಕಾನ್‌ಸ್ಟಾಂಟೈನ್ ಹೈಗನ್ಸ್

ಹೈಗನ್ಸ್ ಎಂದೊಡನೆ ನಮಗೆ ನೆನಪಾಗುವುದು ಬೆಳಕಿನ ತರಂಗವಾದವನ್ನು ಮಂಡಿಸಿದ ಕ್ರಿಸ್ಟಿಯಾನ್. ಆತನ ಅಣ್ಣ ಕಾನ್‌ಸ್ಟಾಂಟೈನ್ (1628–1697) ರಾಜಕೀಯ ಇತಿಹಾಸಕಾರರಿಗೆ ದಿನಚರಿಕಾರ. ಖಗೋಳವಿಜ್ಞಾನದ ಇತಿಹಾಸಕಾರರಿಗೆ ತಮ್ಮನ ಸಹಾಯಕ. ಈ ಎರಡನೆಯ ಹಣೆಪಟ್ಟಿ ಆತನಿಗೆ ಸಲ್ಲದು ಎಂಬುದು ಈ ಲೇಖನದ ವಾದ.

ಆತ ಹುಟ್ಟಿದ್ದು ಹೇಗ್ ನಗರದಲ್ಲಿ. ಅದೇ ಹೆಸರಿನ ತಂದೆ ಹೆಸರಾಂತ ಕವಿ, ಆರೆಂಜ್ ಮನೆತನದ ಕಾರ್ಯದರ್ಶಿ. 1672ರಲ್ಲಿ ಮಗನೂ ಅದೇ ಮನೆತನದ ಮೂರನೆಯ ವಿಲಿಯಂನ ಕಾರ್ಯದರ್ಶಿಯಾದ. ಅದಕ್ಕೂ ಮೊದಲೇ ಅಣ್ಣತಮ್ಮಂದಿರಿಗೆ ಗಾಜು ಉಜ್ಜುವ ಹುಚ್ಚು ಹತ್ತಿತ್ತು. 1655ರಲ್ಲಿ ಕ್ರಿಸ್ಟಿಯಾನ್ ಶನಿಯ ಉಪಗ್ರಹ ಟೈಟನ್ನನ್ನು ಕಂಡದ್ದು ಇಬ್ಬರೂ ಸೇರಿ ಮಾಡಿದ ದೂರದರ್ಶಕದಲ್ಲಿ.

1680ರ ದಶಕದ ಕೆಲಸ ಇನ್ನೂ ಕಠಿಣ. ಒಂಟಿ ಮಸೂರದಲ್ಲಿ ಬಿಂಬದ ಅಂಚಿಗೆ ಬಣ್ಣ ಹತ್ತುತ್ತದೆ. ಉಬ್ಬನ್ನು ತಗ್ಗಿಸಿ ಸಂಗಮದೂರವನ್ನು ಹೆಚ್ಚಿಸುವುದೇ ಆಗಿನ ಪರಿಹಾರ. ಕಾನ್‌ಸ್ಟಾಂಟೈನನ ಸಹಿಯಿರುವ ಮಸೂರಗಳ ಸಂಗಮದೂರ 123, 170, 210 ಅಡಿ. ಅಷ್ಟುದ್ದದ ಕೊಳವೆ ಬಾಗದೆ ನಿಲ್ಲದು. ಹಾಗಾಗಿ ಮಸೂರವನ್ನು ಎತ್ತರದ ಕಂಬಕ್ಕೇರಿಸಿ, ಕೆಳಗೆ ನೇತ್ರಮಸೂರ ಹಿಡಿದು, ಎರಡನ್ನೂ ದಾರದಿಂದ ಜೋಡಿಸುವ ವಿಧಾನವನ್ನು ಕ್ರಿಸ್ಟಿಯಾನ್ 1684ರಲ್ಲಿ ಪ್ರಕಟಿಸಿದ. ಆದರೆ ಮಸೂರವೇ ಕೆಟ್ಟರೆ ಕಂಬವೇನು ಮಾಡೀತು? 123 ಅಡಿಯದರ ಲೆಕ್ಕ ಹಾಕಿ ನೋಡಿ: ಗೇಣಗಲವೂ ಇಲ್ಲದ ಗಾಜು, ನಡುವಿಗೂ ಅಂಚಿಗೂ ದಪ್ಪದ ಅಂತರ ಕಾಲು ಮಿಲಿಮೀಟರಿನ ಆಸುಪಾಸು. ಅದನ್ನು ಎಲ್ಲೂ ತಪ್ಪದಂತೆ ಉಜ್ಜಿ ತರುವುದು ಸಹಾಯಕನ ಕೆಲಸವಲ್ಲ, ನುರಿತ ಕುಶಲಕರ್ಮಿಯದು.

1688ರ ನವೆಂಬರಿನಲ್ಲಿ ವಿಲಿಯಂ ಸೇನೆಯೊಡನೆ ಇಂಗ್ಲೆಂಡಿನ ಟಾರ್‌ಬೇಯಲ್ಲಿ ಇಳಿದಾಗ ಕಾರ್ಯದರ್ಶಿಯೂ ಜೊತೆಗಿದ್ದ. ದಿನಚರಿಯ ಬಹುಭಾಗ ಅಲ್ಲಿಂದ 1696ರವರೆಗಿನದು: ದಂಡಯಾತ್ರೆ, ಆಸ್ಥಾನದ ಒಳಜಗಳ, ಯಾರ್ಯಾರದೋ ಗುಸುಗುಸು. ಚಾಡಿಯ ಪಾಲು ಹೆಚ್ಚೆಂದು ಮೂಗು ಮುರಿಯುವವರಿದ್ದಾರೆ; ನನಗೆ ಅದೇ ಅದರ ಬೆಲೆ. ಅಧಿಕೃತ ಪತ್ರಗಳು ಇಂಥದ್ದನ್ನು ಬಾಯಿಬಿಡುವುದಿಲ್ಲ.

123 ಅಡಿಯ ಮಸೂರವನ್ನು ಆತ 1692ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟ. ಅದನ್ನು ಏರಿಸಲು ತಕ್ಕ ಕಂಬ ಸಿಕ್ಕಿದ್ದು ಆತ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ. ಅದೂ ಸ್ಟ್ರ್ಯಾಂಡ್ ಬೀದಿಯಿಂದ ಕಿತ್ತ ಹಬ್ಬದ ಕಂಬ! ನ್ಯೂಟನ್ ಕೊಡಿಸಿದ ಆ ಕಂಬವನ್ನು ವಾನ್‌ಸ್ಟೆಡ್‌ನಲ್ಲಿ ನೆಟ್ಟು ಖಗೋಳವೀಕ್ಷಕ ಜೇಮ್ಸ್ ಪೌಂಡ್ ಆಕಾಶ ನೋಡಿದ. ತಮ್ಮನ ಕೊನೆಯ ಕೃತಿ ‘ಕಾಸ್ಮೊಥಿಯೊರೋಸ್’ ಅಣ್ಣನನ್ನೇ ಉದ್ದೇಶಿಸಿ ಬರೆದದ್ದು. ಅದರ ಮುದ್ರಣದ ಹೊಣೆ ಹೊತ್ತವನೂ ಅವನೇ. 1698ರಲ್ಲಿ ಪುಸ್ತಕ ಹೊರಬಂದಾಗ ಇಬ್ಬರೂ ಇರಲಿಲ್ಲ. ಹೈಗನ್ಸ್ ದೂರದರ್ಶಕಗಳ ಬಗ್ಗೆ ಮುಂದೆ ಬರೆಯುವವರು ಗಾಜಿನ ಮೇಲಿನ ಸಹಿ ಯಾರದೆಂದು ಮೊದಲು ನೋಡಲಿ.