ಬಿದ್ದ ಕಲ್ಲುಗಳ ಲೆಕ್ಕ

ಇಟಲಿಯ ಈಶಾನ್ಯದ ಫ್ರಿಯುಲಿ ಪ್ರಾಂತದಲ್ಲಿ, ತಾಲ್ಯಾಮೆಂತೊ ನದಿಯ ಕಣಿವೆಯಲ್ಲಿ, ವೆಂಜೋನೆ ಎಂಬ ಪುಟ್ಟ ಊರುಂಟು. ಆಲ್ಪ್ಸ್ ಬೆಟ್ಟಗಳನ್ನು ದಾಟುವ ವರ್ತಕರ ಹಾದಿಯ ಮೇಲಿದ್ದುದರಿಂದ ಹಿಂದೆ ಅಲ್ಲಿನವರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಊರಿಗೊಂದು ಕೋಟೆ, ಕೋಟೆಯೊಳಗೆ ಸಂತ ಆಂಡ್ರೂವಿನ ಹೆಸರಿನ ದೊಡ್ಡ ಇಗರ್ಜಿ. 1338ರಲ್ಲಿ ಅಕ್ವಿಲೇಯಾದ ಧರ್ಮಪೀಠಾಧಿಪತಿ ಬೆರ್ತ್ರಾಂದೊ ಇದರ ಪ್ರತಿಷ್ಠೆಯನ್ನು ನೆರವೇರಿಸಿದನು.

1976ರ ಮೇ 6ರ ರಾತ್ರಿ ಭೂಮಿ ನಡುಗಿತು. ಪ್ರಾಂತದಲ್ಲಿ ಸಾವಿರಕ್ಕೆ ಸಮೀಪದಷ್ಟು ಜನ ಮಡಿದರು. ಇಗರ್ಜಿಗೆ ಬಲವಾದ ಪೆಟ್ಟು ಬಿದ್ದಿತಾದರೂ ಅದರ ಬಹುಭಾಗ ನಿಂತೇ ಇತ್ತು. ದುರಸ್ತಿ ಮಾಡಬಹುದೆಂಬ ಆಸೆ ಇನ್ನೂ ಉಳಿದಿತ್ತು. ಆದರೆ ಸೆಪ್ಟೆಂಬರ್ 15ರಂದು ಭೂಮಿ ಮತ್ತೆ ಅಲುಗಾಡಿದಾಗ, ಮೊದಲೇ ಬಿರಿದಿದ್ದ ಗೋಡೆಗಳು ತಡೆಯಲಾರದೆ ಕುಸಿದವು. ಆರು ಶತಮಾನಗಳ ಕೆಲಸ ಕಲ್ಲಿನ ಗುಡ್ಡೆಯಾಯಿತು.

ಇಂಥ ಹೊತ್ತಿನಲ್ಲಿ ಸುಲಭದ ದಾರಿಯೆಂದರೆ ಯಂತ್ರ ತಂದು ನೆಲವನ್ನು ಚೊಕ್ಕಟ ಮಾಡಿಬಿಡುವುದು. ಊರಿನ ಕೆಲವು ಕಡೆ ಆ ಕೆಲಸ ಮೊದಲಾಗಿಯೂ ಇತ್ತು. ಊರವರು ಅಡ್ಡ ನಿಂತರು. ತಮ್ಮ ಊರು ಮೊದಲಿದ್ದಲ್ಲೇ, ಮೊದಲಿದ್ದಂತೆಯೇ ಏಳಬೇಕೆಂದು ಅವರ ಹಟ. ಹಟವೆಂದೆ, ಅದಿಲ್ಲದಿದ್ದರೆ ಮುಂದಿನ ಮಾತೇ ಇರುತ್ತಿರಲಿಲ್ಲ.

ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಬಯಲಿಗೆ ಸಾಗಿಸಿ, ಸಾಲಾಗಿ ಹಾಸಿದರು. ಒಂದೆರಡಲ್ಲ, ಸಾವಿರಾರು. ಕಮಾನಿನ ಕಲ್ಲು ಒಂದು ಕಡೆ, ಕಿಟಕಿಯ ಚೌಕಟ್ಟಿನದು ಇನ್ನೊಂದು ಕಡೆ, ಬರಿಯ ಗೋಡೆಯದು ಮತ್ತೊಂದು ಕಡೆ. ಹಳೆಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಯಾವ ಕಲ್ಲಿಗೆ ಯಾವ ಜಾಗವೆಂದು ಹುಡುಕಬೇಕು. ಕಲ್ಲಿನ ಅಳತೆ, ಉಳಿಯ ಗುರುತು, ಅಂಟಿಕೊಂಡಿದ್ದ ಗಾರೆ, ಭಿತ್ತಿಚಿತ್ರದ ಒಂದು ಚೂರು ಬಣ್ಣ, ಇವೇ ಸಾಕ್ಷಿಗಳು. ಸಂಸಾರದಲ್ಲಿ ಕಳೆದುಹೋದ ಮಕ್ಕಳನ್ನು ಮಚ್ಚೆ ನೋಡಿ ಗುರುತಿಸಿದ ಹಾಗೆ ಎನ್ನಬಹುದು.

ಇದಕ್ಕೆ ಕಾಲ ಹಿಡಿಯಿತು. ಮೊದಲು ಕಾರ್ಖಾನೆ, ಆಮೇಲೆ ಮನೆ, ಕೊನೆಗೆ ಇಗರ್ಜಿ ಎಂಬುದು ಆಗ ಫ್ರಿಯುಲಿಯಲ್ಲಿ ಎಲ್ಲರೂ ಒಪ್ಪಿದ ಕ್ರಮ. ಡೇರೆಯಲ್ಲಿ ಮಲಗುವವನಿಗೆ ಗೋಪುರ ತೋರಿಸಿ ಸಮಾಧಾನ ಹೇಳಲಾಗುವುದೆ? ಇಗರ್ಜಿಯ ಬಾಗಿಲು ತಿರುಗಿ ತೆರೆದದ್ದು 1995ರಲ್ಲಿ, ಬಿದ್ದ ಹತ್ತೊಂಬತ್ತು ವರ್ಷಗಳ ಮೇಲೆ.

ಹೀಗೆ ಜೋಡಿಸಿದ್ದು ಹಳೆಯ ಇಗರ್ಜಿಯೋ, ಅದರ ಪ್ರತಿಯೋ ಎಂದು ಕೇಳುವವರುಂಟು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ಅಲ್ಲಿ ಅಳಿದುಹೋದ ಚಿತ್ರಗಳನ್ನು ಹೊಸದಾಗಿ ಬರೆದು ತುಂಬಿಸಲಿಲ್ಲ. ಹೋದದ್ದು ಹೋದಂತೆಯೇ ಕಾಣುತ್ತದೆ. ಗಾಯವನ್ನು ಮುಚ್ಚಿಡದ ಈ ಪ್ರಾಮಾಣಿಕತೆಯಿಂದಾಗಿ ಅದನ್ನು ನಕಲು ಎನ್ನಲು ನನಗೆ ಮನಸ್ಸು ಬಾರದು.

ಅದೇ ಕೋಟೆಯೊಳಗೆ ಸ್ನಾನಿಕ ಯೋಹಾನನ ಹೆಸರಿನ ಇನ್ನೊಂದು ಇಗರ್ಜಿಯೂ ಇತ್ತು. ಅದನ್ನು ಎಬ್ಬಿಸಲಿಲ್ಲ. ಅದರ ಮುರಿದ ಗೋಡೆಗಳು ಸೂರಿಲ್ಲದೆ, ಬಿದ್ದ ದಿನದ ನೆನಪಿಗೆಂದು ಹಾಗೆಯೇ ನಿಂತಿವೆ.