ಚಿಟ್ಟೆಯ ರೆಕ್ಕೆಯೂ ಜಾತಿಯ ಗಡಿಯೂ

1848ರಲ್ಲಿ ಹೆನ್ರಿ ಬೇಟ್ಸ್ ಎಂಬ ಆಂಗ್ಲ ತರುಣನು ಗೆಳೆಯ ವಾಲೇಸನೊಡನೆ ಅಮೆಜಾನ್ ನದಿಯ ಅರಣ್ಯಗಳಿಗೆ ತೆರಳಿದನು. ಹನ್ನೊಂದು ವರ್ಷ ಅಲ್ಲಿ ಅಲೆದು 1859ರಲ್ಲಿ ಹಿಂದಿರುಗಿದ ಆತನು, ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳ ವೇಷವನ್ನು ಬೇರೆ ಚಿಟ್ಟೆಗಳು ಧರಿಸಿ ಬದುಕುತ್ತವೆಂದು 1862ರಲ್ಲಿ ಪ್ರಕಟಿಸಿದನು. ಕಹಿಯಾದ ಎರಡು ಚಿಟ್ಟೆಗಳು ಒಂದೇ ವೇಷ ತೊಟ್ಟರೂ ಎರಡಕ್ಕೂ ಲಾಭವೇ ಎಂಬುದನ್ನು ಫ್ರಿಟ್ಸ್ ಮುಲ್ಲರನು ತರುವಾಯ ತೋರಿಸಿದನು.

ಹಕ್ಕಿಗಾಗಿ ತೊಟ್ಟ ಈ ವೇಷವೇ ವಿವಾಹಕ್ಕೂ ಕಟ್ಟುಪಾಡಾಯಿತೆಂದರೆ ತಾವು ಆಶ್ಚರ್ಯಪಡಬಹುದು. ಪನಾಮದಲ್ಲಿ ಹೆಲಿಕೋನಿಯಸ್ ಕುಲದ ಎರಡು ದಾಯಾದಿ ಜಾತಿಗಳಿವೆ. ಮೆಲ್ಪೊಮಿನೆಯು ಕೆಂಪು ಪಟ್ಟೆಯದು, ಸಿಡ್ನೊ ಕಪ್ಪುಬಿಳುಪಿನದು. ರೆಕ್ಕೆಗಳ ಮಾದರಿಗಳನ್ನು ಮುಂದಿಟ್ಟಾಗ ಗಂಡುಗಳು ಹೆಚ್ಚಾಗಿ ಸ್ವಜಾತಿಯ ಬಣ್ಣವನ್ನೇ ಅರಸಿ ಹೋದುವೆಂದು 2001ರಲ್ಲಿ ಪ್ರಕಟವಾಯಿತು. ಎಲ್ಲಿಯೋ ಒಮ್ಮೆ ಸಂಕರವಾದರೂ, ಸಂತತಿಯ ನಡುಬಣ್ಣವು ಹಕ್ಕಿಗಳಿಗೆ ಪರಿಚಿತವಲ್ಲ. ಕಹಿಯಾದರೂ ಅದಕ್ಕೆ ರಕ್ಷೆಯಿಲ್ಲ. ಸಂಕರದ ಹೆಣ್ಣುಗಳು ಬಂಜೆ. ಹೀಗೆ ಒಂದೇ ಕಾಡಿನಲ್ಲಿದ್ದೂ ಎರಡು ಜಾತಿಗಳು ಬೇರೆಯಾಗಿಯೇ ಉಳಿದಿವೆ.

ಆದರೆ ಗೋಡೆಯಲ್ಲಿ ಬಿರುಕೂ ಉಂಟು. ಸಂಕರದ ಗಂಡುಗಳು ಬಂಜೆಯಲ್ಲ. ನನಗಂತೂ ಈ ಬಿರುಕೇ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. ಬೇಟ್ಸನು ಅಲೆದ ಅಮೆಜಾನ್ ಸೀಮೆಯಲ್ಲಿಯೇ ಎಲಿವೇಟಸ್ ಎಂಬ ಚಿಟ್ಟೆಯಿದೆ. ಅದರ ವಂಶದ್ರವ್ಯದ ಬಹುಪಾಲು ಪಾರ್ಡಲೈನಸ್ ಎಂಬ ಬಂಧುವಿನದು, ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ಮೆಲ್ಪೊಮಿನೆಯದು. ಆ ಒಂದು ಪಾಲಿನಲ್ಲಿಯೇ ರೆಕ್ಕೆಯ ಬಣ್ಣವೂ ಸಂಗಾತಿಯ ಆಯ್ಕೆಯೂ ಅಡಗಿವೆ. ಸುಮಾರು 1,80,000 ವರ್ಷಗಳ ಹಿಂದೆ ನಡೆದ ಆ ಸಂಕರದಿಂದ ಹೊಸ ಜಾತಿಯೊಂದು ಹುಟ್ಟಿತೆಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.